ಕ್ಯಾಂಪರಿನ ಬಾಣಂತನ

ಗೊತ್ತಿಲ್ಲದ ವಿಷಯದಲ್ಲಿ ಸೋತರೆ ಅಂಥ ಅವಮಾನವೇನಿಲ್ಲ. ಈಜು ಬಾರದವನು ಬಾವಿಗೆ ಬಿದ್ದರೆ ಊರೆಲ್ಲ ಅಯ್ಯೋ ಅನ್ನುತ್ತದೆ. ಈಜು ಕಲಿಸುವ ಮೇಷ್ಟ್ರೇ ಬಿದ್ದು ಕೂಗಿಕೊಂಡರೆ ಮೊದಲು ನಗು ಬರುತ್ತದೆ, ಹಗ್ಗ ಆಮೇಲೆ. ನನ್ನದು ಈ ಎರಡನೆಯ ಜಾತಿಯ ಅವಮಾನ. ಚಳ್ಳಕೆರೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಅದು ಹಸಿವಿಲ್ಲದಿದ್ದರೂ ಏನನ್ನಾದರೂ ಕಡಿಯುತ್ತಿರಬೇಕು ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಮಕ್ಕಳು ಆಕಳಿಸುತ್ತಾ ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ತಿಳಿದ ನನ್ನನ್ನು ಹೆಬ್ಬೆರಳಿನಷ್ಟಿರುವ ಪ್ರಾಣಿಯೊಂದು ಮನೆಯವರ ಮುಂದೆ, ಮೆಕ್ಯಾನಿಕ್ಕಿನ ಮುಂದೆ, ಕೊನೆಗೆ ನಮ್ಮ ಅತ್ತೆಯ ಮುಂದೆ ತಲೆ ತಗ್ಗಿಸುವಂತೆ ಮಾಡಿತು.

ಇದಕ್ಕೆಲ್ಲ ಮೂಲ ನಮ್ಮ ಮನೆಯವರು. ಅವರಿಗೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ನೋಡುವುದು ಅವರ ಅಭ್ಯಾಸ. ಹಾಗೆ ನೋಡುತ್ತಾ ನೋಡುತ್ತಾ ಯಾರೋ ಗಾಡಿಯೊಳಗೇ ಮಲಗಿ, ಗಾಡಿಯೊಳಗೇ ಚಹಾ ಕಾಯಿಸಿಕೊಂಡು ದೇಶ ಸುತ್ತುವುದನ್ನು ಕಂಡು ಮರುಳಾದರು. ಎರಡೇ ತಿಂಗಳಲ್ಲಿ, ಒಂದು ಕಾಲಕ್ಕೆ ಶಾಲೆಯ ಮಕ್ಕಳನ್ನು ಹೊತ್ತು ತಿರುಗಿದ ಹಳೆಯ ಟೆಂಪೋ ಒಂದನ್ನು ಮನೆಯ ಮುಂದೆ ತಂದು ನಿಲ್ಲಿಸಿದರು. ಒಳಗೆ ಮಂಚ, ಒಲೆ, ಕೈ ತೊಳೆಯಲು ಸಿಂಕು, ಕಿಟಕಿಗೆ ಹೂವಿನ ಪರದೆ. ಇದಕ್ಕೆ ಕ್ಯಾಂಪರ್ ಅನ್ನಬೇಕಂತೆ. ನಾನು ತಾತ್ಸಾರದಿಂದ ಒಂದು ಸುತ್ತು ಹಾಕಿ, "ಮನೆ ಬಾಡಿಗೆಗೆ ಕೊಟ್ಟು ನಾವು ಇದರಲ್ಲೇ ಇರೋದಾ?" ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಅವ್ವನಿಗೆ ಕಣೇ" ಎಂದರು.

ನಮ್ಮ ಅತ್ತೆ ಕೊಂಡ್ಲಹಳ್ಳಿಯಲ್ಲಿ ನನ್ನ ಮೈದುನನ ಸಂಸಾರದ ಜೊತೆ ಇದ್ದಾರೆ. ಆಂಧ್ರದ ಗಡಿಯ ಕಡೆಯಿಂದ ಬಂದವರಾದ್ದರಿಂದ ಮಾತಿನಲ್ಲಿ ತೆಲುಗು ಇಣುಕುತ್ತಿರುತ್ತದೆ. ಎಪ್ಪತ್ತು ದಾಟಿದೆ, ಸೊಂಟ ಹೋಗಿದೆ, ಒಂದು ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ. ಅವರು ಇದುವರೆಗೆ ಸಮುದ್ರ ನೋಡಿಲ್ಲ. ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಅಷ್ಟು ದೂರ ಹೋಗುವುದು ಅವರಿಂದ ಆಗದ ಮಾತು. ಮಲಗಿಕೊಂಡೇ ಹೋಗಬಹುದಾದ ಗಾಡಿಯೊಂದಿದ್ದರೆ ಗೋಕರ್ಣದ ತನಕ ಕರೆದುಕೊಂಡು ಹೋಗಬಹುದು ಎಂಬುದು ಮಗನ ಲೆಕ್ಕ. ಅದು ಒಳ್ಳೆಯ ಆಲೋಚನೆಯೇ. ಗಂಡಸರಿಗೆ ಒಳ್ಳೆಯ ಆಲೋಚನೆ ಬಂದಾಗ ನಮಗೆ ಆಗುವ ಕಿರಿಕಿರಿ ಮಾತ್ರ ಹೇಳತೀರದು.

ಮೊದಲು ಒಂದು ಭಾನುವಾರ ಹತ್ತಿರದಲ್ಲೇ ಪ್ರಯೋಗ ಮಾಡಿದೆವು. ಕುದಾಪುರದ ಹುಲ್ಲುಗಾವಲಿನ ಬದಿ ಗಾಡಿ ನಿಲ್ಲಿಸಿ ಅವಲಕ್ಕಿ ಒಗ್ಗರಣೆ ಹಾಕುವಷ್ಟರಲ್ಲಿ ಅಲ್ಲಿನ ಯಾವುದೋ ಬೇಲಿಯ ಕಾವಲುಗಾರ ಬಂದು, ಇಲ್ಲಿ ಹೋಟೆಲ್ ಹಾಕುವಂತಿಲ್ಲ ಎಂದ. ಬರುವಾಗ ನನ್ನಿವಾಳದ ಹತ್ತಿರ ನೀರು ಕುಡಿಯಲು ನಿಂತರೆ ಒಬ್ಬ ತಾತ ನೆಟ್ಟಗೆ ಒಳಗೆ ಹತ್ತಿ, ಮಂಚದ ಮೇಲೆ ಕೂತು, ಅಂಗಿಯ ತೋಳು ಮಡಚಿ, "ಬಿಪಿ ನೋಡ್ರಮ್ಮ" ಎಂದು ಕೈ ಚಾಚಿದರು. ನಮ್ಮ ಮನೆಯವರು ಇಲ್ಲ ಎನ್ನಲಾರದೆ ಅವರ ನಾಡಿ ಹಿಡಿದು, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸಿದರು. ಇಂಥವರ ಜೊತೆ ನನ್ನ ಸಂಸಾರ.

ಆಮೇಲೆ ಮಳೆ ಹಿಡಿಯಿತು, ಕಾಲೇಜು ಶುರುವಾಯಿತು, ಕ್ಯಾಂಪರನ್ನು ಕೊಂಡ್ಲಹಳ್ಳಿಯ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದೆವು. ಅದೇ ಶೆಡ್ಡಿನಲ್ಲಿ ಮೈದುನ ಶೇಂಗಾ ಚೀಲಗಳನ್ನು ಒಟ್ಟುತ್ತಾನೆ. ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೋಗುವುದೆಂದು ದಿನ ಗೊತ್ತುಮಾಡಿ, ಹದಿನೈದು ದಿನ ಮೊದಲು ಬಾಗಿಲು ತೆಗೆದರೆ ಒಳಗಿಂದ ಬಂದ ವಾಸನೆಗೆ ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದೆವು. ಹಾಸಿಗೆಯ ಸ್ಪಂಜು ಪುಡಿಯಾಗಿತ್ತು. ಪರದೆಯ ಹೂವುಗಳನ್ನೆಲ್ಲ ಬಿಟ್ಟು ಎಲೆಗಳನ್ನು ಮಾತ್ರ ಯಾರೋ ತಿಂದಿದ್ದರು. ಕೀಲಿ ತಿರುಗಿಸಿದರೆ ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನನಗೆ ಇಲಿಗಳ ಮೇಲೆ ಬಂದದ್ದು ಸಿಟ್ಟಲ್ಲ, ತಿರಸ್ಕಾರ. ನಾಲ್ಕು ಮಾರು ದೂರದಲ್ಲಿ ಚೀಲಗಟ್ಟಲೆ ಶೇಂಗಾ ಬಿದ್ದಿರುವಾಗ ಸ್ಪಂಜು ಕಡಿಯಲು ಬರುವ ಪ್ರಾಣಿಯ ಬುದ್ಧಿಗೆ ಏನು ಹೇಳುವುದು? ಅದಕ್ಕಿಂತ ಹೆಚ್ಚಿನ ತಿರಸ್ಕಾರ ಬಂದದ್ದು ನಮ್ಮ ಮನೆಯವರ ಉಪಾಯಗಳ ಮೇಲೆ. ಮೊದಲು ನುಸಿಗುಳಿಗೆ ಇಟ್ಟರು. ಇಲಿಗಳು ಅವನ್ನು ಮಂಚದಡಿಯಿಂದ ಉರುಳಿಸಿ ಬಾಗಿಲ ಬಳಿ ಹಾಕಿದವು. ಆಮೇಲೆ ಪುದೀನ ಎಣ್ಣೆಯಲ್ಲಿ ಅದ್ದಿದ ಹತ್ತಿ. ಅದರಿಂದ ಗಾಡಿಗೆ ಹೊಟ್ಟೆನೋವಿನ ಔಷಧಿಯ ವಾಸನೆ ಬಂತು, ಅಷ್ಟೆ. ಆಮೇಲೆ ಒಂದು ಯಂತ್ರ ತರಿಸಿದರು. ಅದು ಮನುಷ್ಯರಿಗೆ ಕೇಳಿಸದ, ಇಲಿಗಳಿಗೆ ಮಾತ್ರ ಕೇಳಿಸುವ ಸದ್ದು ಮಾಡುತ್ತದಂತೆ. "ನಮಗೆ ಕೇಳಿಸದ ಸದ್ದು ಬರ್ತಾ ಇದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ನಾನು ಕೇಳಿದ್ದಕ್ಕೆ, "ದೀಪ ಉರೀತೈತಲ್ಲ" ಎಂದರು. ಮೂರನೆಯ ದಿನ ಅದರ ತಂತಿಯನ್ನೇ ಇಲಿ ಕತ್ತರಿಸಿತ್ತು. ಅಂಟಿನ ಹಲಗೆ ಇಟ್ಟರು. ಅದಕ್ಕೆ ಅವರ ಚಪ್ಪಲಿಯೇ ಸಿಕ್ಕಿತು. ಕೊನೆಗೆ ಬೋನಿಗೆ ಒಂದು ಇಲಿ ಬಿದ್ದಾಗ, ಪಾಪ, ಕುದಾಪುರದ ಹುಲ್ಲಿನಲ್ಲಿ ಬಿಟ್ಟು ಬರುತ್ತೇನೆ ಎಂದು ಹೊರಟರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ದೊಡ್ಡ ಭಾಷಣವನ್ನೇ ಮಾಡಿದೆ. ಇಲಿಗೆ ಪಿಕ್ನಿಕ್ ಮಾಡಿಸುವುದು ಬೇಡ, ದಯೆ ತೋರಿಸಿದರೆ ಅದು ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಇಂಥ ವಿಷಯದಲ್ಲಿ ಮನಸ್ಸು ಗಟ್ಟಿ ಇರಬೇಕು ಎಂದೆ. ಹೊರಗೆ ಹಗ್ಗದ ಮಂಚದ ಮೇಲೆ ಮಲಗಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

ಕೊನೆಗೆ ಚಳ್ಳಕೆರೆಯಿಂದ ದಾದಾಪೀರನನ್ನು ಕರೆಸಿದೆವು. ಅವನದು ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು, ನಮ್ಮ ಮನೆಯ ಸ್ಕೂಟರನ್ನು ಹತ್ತು ವರ್ಷದಿಂದ ಬದುಕಿಸಿಕೊಂಡು ಬಂದಿರುವವನು. ಬಾನೆಟ್ಟು ಎತ್ತಿ, ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ನನ್ನ ಮುಂದೆ ಹಿಡಿದ. ತುಂಬಾ ಶೇಂಗಾ.

"ಮೇಡಂ, ಇದು ಫಿಲ್ಟರ್ ಅಲ್ಲ, ಪೂರಾ ಗೋಡೌನು ಐತೆ" ಎಂದ. ಅಂದರೆ ನಾನು ಬುದ್ಧಿಯಿಲ್ಲದ್ದೆಂದು ಬೈದ ಪ್ರಾಣಿ ಶೇಂಗಾವನ್ನು ಮುಂದಿನ ಮಳೆಗಾಲಕ್ಕೆ ಸೇರಿಸಿಟ್ಟು, ಬಿಡುವಿದ್ದಾಗ ಸ್ಪಂಜು ಕಡಿದಿತ್ತು.

ಅವನು ಔಷಧಿ, ಯಂತ್ರ ಯಾವುದನ್ನೂ ಕೇಳಲಿಲ್ಲ. ಕತ್ತರಿಸಿದ್ದ ವೈರುಗಳನ್ನು ಕೂಡಿಸಿದ. ಶೆಡ್ಡಿನ ಬಾಗಿಲು ಹಾಕಿಸಿ ಕತ್ತಲು ಮಾಡಿ, ಕ್ಯಾಂಪರಿನೊಳಗೆ ಒಂದು ದೊಡ್ಡ ಬಲ್ಬು ಹಚ್ಚಿಟ್ಟು, ಗಾಡಿಯ ಕೆಳಗೆ ಅಂಗಾತ ಮಲಗಿ ನೋಡಿದ. ಎಲ್ಲಿ ಬೆಳಕು ಸೋರುತ್ತದೋ ಅಲ್ಲೆಲ್ಲ ಇಲಿಗೆ ದಾರಿ. ಪೆನ್ಸಿಲ್ ತೂರುವಷ್ಟು ಸಂದಿದ್ದರೆ ಸಾಕು, ತಲೆ ತೂರಿದರೆ ಮೈಯೂ ತೂರುತ್ತದೆ ಎಂದು ನಾನು ಪಾಠ ಶುರುಮಾಡಿದೆ. ಅವನು ಕೆಳಗಿನಿಂದಲೇ, "ಪೆನ್ಸಿಲ್ ಬಿಡ್ರಿ ಮೇಡಂ, ಇಲ್ಲಿ ನನ್ನ ಮುಷ್ಟಿ ಹೋಗೋ ತೂತು ಐತೆ. ಸಿಂಕಿನ ಪೈಪಿಗೆ ಯಾರು ಕೊರೆಸಿದ್ರಿ ಇದನ್ನ?" ಎಂದ.

ಸಿಂಕಿನ ಕೆಳಗೆ ಬಕೆಟ್ ಇಡುವುದು ಅಸಹ್ಯ ಎಂದು ಹಟ ಹಿಡಿದು, ಪ್ಲಂಬರನ ಪಕ್ಕದಲ್ಲೇ ನಿಂತು, ಇನ್ನೂ ಅಗಲ ಮಾಡು, ಇನ್ನೂ ಅಗಲ ಮಾಡು ಎಂದವಳು ನಾನೇ. ನಮ್ಮ ಮನೆಯವರ ಮುಖದಲ್ಲಿ ನಮ್ಮ ಮದುವೆಯ ದಿನವೂ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. "ಮೇಡಮ್ಮೋರು ಕೊರೆಸಿದ್ದು" ಎಂದರು.

ದಾದಾಪೀರ್ ಬೆಳಕು ಸೋರಿದ ಒಂಬತ್ತು ತೂತುಗಳಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ತಂತಿಯ ಜಾಲರಿ ತರಲು ಹೊರಟ. "ಮುಚ್ಚೋಕೆ ಮುಂಚೆ ಒಳಗೆ ಏನೂ ಇಲ್ಲ ಅಂತ ಒಂದ್ಸಲ ನೋಡ್ಕಳ್ರಿ. ಒಳಗೆ ಉಳ್ಕೊಂಡು ಸತ್ರೆ ವಾಸನೆ ಹೋಗಲ್ಲ" ಎಂದು ಹೇಳಿ ಹೋದ. ನಮ್ಮ ಮನೆಯವರು ಅಂಗಡಿಗೆ ಹೋದರು. ನಾನು ಒಬ್ಬಳೇ ಮಂಚದ ಕೆಳಗಿನ ಖಾನೆ ಎಳೆದೆ.

ಅಲ್ಲಿ ಒಂದು ಗೂಡಿತ್ತು. ಅತ್ತೆಗೆಂದು ಮನೆಯವರು ಅಂಗಡಿಯ ತುಂಡು ಬಟ್ಟೆಯಿಂದ ಹೊಲಿಸಿದ್ದ ರೇಷ್ಮೆಯ ದಿಂಬಿನ ಗೌಸನ್ನು ಎಳೆ ಎಳೆಯಾಗಿ ಬಿಡಿಸಿ, ಸ್ಪಂಜಿನ ಜೊತೆ ಸೇರಿಸಿ ನೇಯ್ದಂತಿತ್ತು. ಒಳಗೆ ಆರು ಮರಿ. ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ಅವರೆಕಾಳಿನಂತೆ ಒಂದಕ್ಕೊಂದು ಒತ್ತಿಕೊಂಡು ಉಸಿರಾಡುತ್ತಿದ್ದವು. ಹುಟ್ಟಿದ ಕೂಡಲೇ ಮೊಳಕಾಲ್ಮೂರಿನ ರೇಷ್ಮೆಯಲ್ಲಿ ಮಲಗುವ ಯೋಗ ನನಗಿರಲಿಲ್ಲ, ನನ್ನ ಮಗಳಿಗೂ ಇರಲಿಲ್ಲ. ಎತ್ತಿ ಹೊರಗೆ ಎಸೆಯಬೇಕೆಂದು ಕಾಗದ ಹುಡುಕಿದೆ. ಕಾಗದ ಸಿಕ್ಕಿತು. ಕೈ ಮುಂದೆ ಹೋಗಲಿಲ್ಲ. ಎಷ್ಟೋ ವರ್ಷ ಪ್ರಯೋಗಾಲಯದ ಮೇಜಿನ ಮೇಲೆ ಇಲಿಗಳನ್ನು ಸೀಳಿ ತೋರಿಸಿದ ಕೈ ಅದು. ಆದರೆ ಅವೆಲ್ಲ ಉಸಿರಾಡುತ್ತಿರಲಿಲ್ಲ, ಈ ವ್ಯತ್ಯಾಸ ನನಗೆ ಆವತ್ತಿನ ತನಕ ಹೊಳೆದಿರಲಿಲ್ಲ. ತೂತು ಮುಚ್ಚಿದರೆ ತಾಯಿ ಹೊರಗೆ, ಮರಿಗಳು ಒಳಗೆ. ಅವು ತಾವಾಗಿ ಓಡಾಡಲು ಇನ್ನೂ ಎರಡು ವಾರವಾದರೂ ಬೇಕು. ಗೋಕರ್ಣಕ್ಕೆ ಉಳಿದಿದ್ದದ್ದು ಐದು ದಿನ.

ನಾನು ಖಾನೆಯನ್ನು ಮೆತ್ತಗೆ ಮುಚ್ಚಿ, ಮನೆಯವರಿಗೆ ಫೋನು ಮಾಡಿ, ದಾದಾಪೀರ್ ತರುವ ಜಾಲರಿ ದಪ್ಪ ಕಣ್ಣಿನದಂತೆ, ಸಣ್ಣ ಕಣ್ಣಿನದು ಹೊರಗಿನಿಂದ ತರಿಸಬೇಕಂತೆ, ಎರಡು ವಾರವಾಗುತ್ತದಂತೆ ಎಂದೆ. ಅಂತೆ ಎಂಬ ಪದ ಕನ್ನಡಿಗರಿಗೆ ಎಷ್ಟು ಸಹಾಯ ಮಾಡುತ್ತದೆಂದು ಅವತ್ತು ಗೊತ್ತಾಯಿತು. ಅವರು ಗೋಕರ್ಣವನ್ನು ಮುಂದಕ್ಕೆ ಹಾಕಿ, ದಾದಾಪೀರನಿಗೆ ಫೋನು ಮಾಡಿ ಚೆನ್ನಾಗಿ ಬೈದರು. ಅವನು ಜಾಲರಿ ಹಿಡಿದುಕೊಂಡು ಶೆಡ್ಡಿಗೆ ವಾಪಸು ಬಂದಿದ್ದ. ಸರಿಯಾದ ಸಣ್ಣ ಕಣ್ಣಿನ ಜಾಲರಿಯೇ ಅದು. ಫೋನು ಕಿವಿಗಿಟ್ಟುಕೊಂಡು ನನ್ನ ಮುಖ ನೋಡಿದ. ಖಾನೆಯನ್ನು ಎರಡು ಬೆರಳಿನಷ್ಟು ಎಳೆದು ಇಣುಕಿ ನೋಡಿದ. "ಹೌದಣ್ಣ, ನಂದೇ ತಪ್ಪು. ಜಾಲರಿ ಬರ್ಬೇಕು" ಎಂದು ಫೋನಿಟ್ಟ. ಆಮೇಲೆ ನನಗೆ, "ಬಚ್ಚಾ ಅದಾವೆ, ಬಿಡ್ರಿ ಮೇಡಂ" ಎಂದಷ್ಟೇ ಹೇಳಿ, ಜಾಲರಿಯನ್ನು ಸೀಟಿನ ಕೆಳಗೆ ತಳ್ಳಿ ಹೊರಟುಹೋದ. ನನ್ನ ಸುಳ್ಳಿಗೆ ಬೈಸಿಕೊಂಡ ಆ ಮನುಷ್ಯನ ಬೆನ್ನು ನೋಡುತ್ತಾ ನಿಂತಾಗ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ಹೇಸಿಗೆಯಾದರೇನು, ಅಲ್ಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ದಿನ ಬಿಟ್ಟು ದಿನ ಕಾಲೇಜು ಮುಗಿಸಿ ಕೊಂಡ್ಲಹಳ್ಳಿಯ ಬಸ್ಸು ಹತ್ತುತ್ತಿದ್ದೆ. ಅತ್ತೆಯ ಸೊಂಟ ನೋಡಿ ಬರುತ್ತೇನೆ ಎಂಬುದು ನೆಪ. ಎಣ್ಣೆ ಹಚ್ಚಿ, ಎರಡು ಮಾತಾಡಿ, ಆಮೇಲೆ ಗಾಡಿ ಒರೆಸುತ್ತೇನೆಂದು ಶೆಡ್ಡಿಗೆ ಹೋಗುವುದು. ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟು ಬರುವುದು. ಅತ್ತೆ ಈ ಸೇವೆಗೆ ಕರಗಿಹೋಗಿದ್ದರು. ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ತೋರಿಸುತ್ತಿದ್ದರು: "ನನ್ನ ಸೊಸೆ. ಕಾಲೇಜು ಬಿಟ್ಟು ನನ್ನ ಸೊಂಟ ನೀವಾಕೆ ಬರ್ತಾಳೆ."

ನಾಲ್ಕನೆಯ ಸಲ ಹೋದಾಗ ನಾನು ಖಾನೆ ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದೆ. ಹಿಂದಿನಿಂದ ನೆರಳು ಬಿತ್ತು. ಸೊಂಟ ಹಿಡಿದುಕೊಂಡು, ಗಾಡಿಯ ಬಾಗಿಲಿಗೆ ಒರಗಿ ಅತ್ತೆ ನಿಂತಿದ್ದರು. ಮರಿಗಳನ್ನು ನೋಡಿದರು, ನೀರಿನ ಮುಚ್ಚಳವನ್ನು ನೋಡಿದರು, ನನ್ನನ್ನು ನೋಡಿದರು.

"ಏಮಮ್ಮಾ, ಎಲುಕದ ಬಾಣಂತನ ಮಾಡಾಕೆ ನನ್ನ ಸಮುದ್ರ ನಿಲ್ಲಿಸಿದ್ಯಾ?"

ತೆಲುಗಿನಲ್ಲಿ ಎಲುಕ ಎಂದರೆ ಇಲಿ. ಅದು ಗೊತ್ತಿಲ್ಲದಿದ್ದರೂ ಆ ಪ್ರಶ್ನೆ ನನಗೆ ಅರ್ಥವಾಗುತ್ತಿತ್ತು. ನಾನು ಏನೋ ಹೇಳಲು ಹೋದೆ. ತಾಯಿಯಿಲ್ಲದೆ ಮರಿಗಳು ಬದುಕುವುದಿಲ್ಲ, ಇನ್ನು ಒಂದು ವಾರ ಎಂದೆಲ್ಲ ತಡವರಿಸಿದೆ.

"ನನ್ನ ಸೊಂಟ ನೋಡಾಕೆ ಬರ್ತಾಳೆ ಅಂತ ಊರಿಗೆಲ್ಲಾ ಹೇಳ್ದೆ. ಈಗ ಹೋಗಿ ಏನಂತ ಹೇಳ್ಲಿ?" ಎಂದರು. ಈ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ನೆಲ ನೋಡಿದೆ. ಅವರು ಬಾಗಿಲ ಪಕ್ಕದಲ್ಲಿದ್ದ ಮೊರ ತೆಗೆದುಕೊಂಡು, "ಈ ಖಾನೆ ಪೂರ್ತಿ ಹೊರಗೆ ಎಳಿ" ಎಂದರು. ಎಳೆದೆ. ಗೂಡನ್ನು ಕೆಳಗಿನಿಂದ ಹಾಗೇ ಮೊರಕ್ಕೆ ಜಾರಿಸಿಕೊಂಡು, ಶೆಡ್ಡಿನ ಹೊರಗಿನ ಶೇಂಗಾ ಹೊಟ್ಟಿನ ರಾಶಿಯ ಬುಡದಲ್ಲಿ ಒಂದು ಗುಳಿ ಮಾಡಿಸಿ ಒಳಗಿಡಿಸಿದರು. "ಅದರ ಅವ್ವ ವಾಸನೆ ಹಿಡ್ಕಂಡು ಬರ್ತೈತೆ. ಬರ್ಲಿಲ್ಲ ಅಂದ್ರೆ ಅವುಗಳ ಹಣೆಬರಹ. ಹೊಲದಾಗೆ ಎಷ್ಟು ಎಲುಕದ ಗೂಡು ಕಂಡಿಲ್ಲ ನಾನು" ಎಂದರು. ಒಂದು ವಾರದ ನನ್ನ ಸಂಕಟ ಎರಡು ನಿಮಿಷದಲ್ಲಿ ಮುಗಿಯಿತು. ಒಂದು ಗಂಟೆಯೊಳಗೆ ತಾಯಿ ಇಲಿ ಹೊಟ್ಟಿನ ರಾಶಿಗೆ ಹೋದದ್ದನ್ನು ನಾನೇ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಇದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲವೇ ಎಂದು ಮನೆಗೆ ಹೋಗಿ ತೆರೆದು ನೋಡಿದರೆ, ಇತ್ತು.

ಮರುದಿನ ದಾದಾಪೀರ್ ಸೀಟಿನ ಕೆಳಗಿನ ಜಾಲರಿ ತೆಗೆದು ಒಂಬತ್ತೂ ತೂತು ಮುಚ್ಚಿದ. ನಮ್ಮ ಮನೆಯವರಿಗೆ ನಾನು ನಿಜ ಹೇಳಿ, ಅವನ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿಸಿದೆ. ತಪ್ಪು ನನ್ನದು, ಕ್ಷಮೆ ಕೇಳಿದವರು ಅವರು. ದಾದಾಪೀರ್ ಚಹಾ ತರಿಸಿ, "ಇರ್ಲಿ ಬಿಡ್ರಣ್ಣ, ಮೇಡಂ ದಿಲ್ ನರಮ್ ಐತೆ" ಎಂದ. ಮನಸ್ಸು ಮೆತ್ತಗೆ ಎಂದು ನನ್ನನ್ನು ಅಷ್ಟು ಕೆಟ್ಟದಾಗಿ ಯಾರೂ ಬೈದಿರಲಿಲ್ಲ.

ಡಿಸೆಂಬರು ಕಳೆಯುವಷ್ಟರಲ್ಲಿ ಗೋಕರ್ಣ ಸೇರಿದೆವು. ಅತ್ತೆ ದಾರಿಯುದ್ದಕ್ಕೂ ಮಲಗಿಕೊಂಡೇ ಬಂದರು. ಮರಳಿನ ಮೇಲೆ ಕುರ್ಚಿ ಹಾಕಿ ಕೂರಿಸಿದಾಗ ತುಂಬಾ ಹೊತ್ತು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅಲೆ ಬರುವುದನ್ನೇ ನೋಡುತ್ತಿದ್ದರು. ಆಮೇಲೆ, "ಇಷ್ಟು ನೀರು ಐತೆ, ಒಂದು ಕೊಡ ಕುಡಿಯಾಕೆ ಬರಲ್ಲ" ಎಂದರು. ಅಷ್ಟು ದೂರ ಹೋಗಿ ಸಮುದ್ರವನ್ನೇ ತಾತ್ಸಾರ ಮಾಡಬಲ್ಲವರ ಮುಂದೆ ನನ್ನ ತಾತ್ಸಾರ ಯಾವ ಲೆಕ್ಕ?

ಪಕ್ಕದಲ್ಲಿ ದಾವಣಗೆರೆ ಕಡೆಯ ಒಂದು ಸಂಸಾರ ಬಂದು ಕೂತಿತು. ಆ ಹೆಂಗಸು ಮಾತಿಗೆ ಸಿಕ್ಕಿದ್ದೇ ತಡ, ಅತ್ತೆ ನನ್ನ ಕಡೆ ಕೈ ತೋರಿಸಿ, "ನನ್ನ ಸೊಸೆ. ಕಾಲೇಜಾಗೆ ಇಲಿ ಪಾಠ ಮಾಡ್ತಾಳೆ" ಎಂದು ಶುರು ಮಾಡಿದರು. ಸಿಂಕಿನ ತೂತಿನಿಂದ ಹಿಡಿದು ನೀರಿನ ಮುಚ್ಚಳದ ತನಕ ಒಂದನ್ನೂ ಬಿಡಲಿಲ್ಲ. ದಾವಣಗೆರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಮನೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಎದ್ದು ಹೋಗಬೇಕೆಂದುಕೊಂಡೆ. ಹೋಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅತ್ತೆ, "ಏಳು ಮರಿ ಇದ್ವು" ಎಂದರು, ಮತ್ತು ನನಗೆ ತಡೆದುಕೊಳ್ಳಲಾಗಲಿಲ್ಲ.

"ಆರು, ಅತ್ತೆ" ಎಂದೆ.