ಅನುಭವದ ತಿದ್ದುಪಡಿ

ತೂಕದ ಮಿಷನ್ನಿನ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಚಕ್ರವೊಂದಿರುತ್ತದೆ. ಸಿದ್ಧಾರ್ಥನಗರದ ವಾಗೀಶರು ಎರಡು ತಿಂಗಳ ಹಿಂದೆ, ಹೆಂಡತಿ ಧರಣಿ ಹಿತ್ತಲಲ್ಲಿ ಹೂ ಬಿಡಿಸುತ್ತಿದ್ದ ಹೊತ್ತು ನೋಡಿ, ಆ ಚಕ್ರವನ್ನು ಮೂರು ಕಿಲೋದಷ್ಟು ಹಿಂದಕ್ಕೆ ತಿರುಗಿಸಿಬಿಟ್ಟರು. ಎಂಬತ್ತಾರು ಕಿಲೋದ ಆಸಾಮಿ ಅಲ್ಲಿಂದಾಚೆಗೆ ಎಂಬತ್ಮೂರು ತೂಗತೊಡಗಿದರು.

ಡಾಕ್ಟರು ತೂಕ ಇಳಿಸಿ ಎಂದಿದ್ದರು. ಇಳಿಸಿದ ಕಿಲೋಗೊಂದು ಒಬ್ಬಟ್ಟು ಎಂದು ಧರಣಿ ಮಾತು ಕೊಟ್ಟಿದ್ದರು. ತಿಂಗಳ ಒಂದನೇ ತಾರೀಕು ಮಂಚದ ಕೆಳಗಿಂದ ಮಿಷನ್ನು ಎಳೆಯುವುದು, ಹತ್ತಿ ನಿಲ್ಲುವುದು, ಓದಿ ಹೇಳುವುದು, ಮತ್ತೆ ಒಳಗೆ ತಳ್ಳುವುದು, ಎಲ್ಲ ವಾಗೀಶರದೇ ಕೆಲಸ. ಹೀಗೆ ಅವರು ಮೂರು ಒಬ್ಬಟ್ಟಿನ ಹಕ್ಕುದಾರರಾಗಿದ್ದರು.

ಆ ಹಕ್ಕು ಚಲಾಯಿಸುವ ದಿನವೇ ಈ ಭಾನುವಾರ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬರುವವರು ಗುರುಮಲ್ಲಪ್ಪನವರು, ತೈಲ ಕಂಪನಿಯಲ್ಲಿ ವಾಗೀಶರ ಮೇಲಧಿಕಾರಿಯಾಗಿದ್ದವರು. ನೆಲದಡಿ ಇಷ್ಟು ಎಣ್ಣೆಯಿದೆ, ಇಷ್ಟು ಅನಿಲವಿದೆ ಎಂದು ಕಂಪನಿಗಳು ಹೇಳಿಕೊಳ್ಳುವುದನ್ನು ಪರಿಶೀಲಿಸುವ ಸಮಿತಿಯೊಂದನ್ನು ಈಗ ಅವರು ಕಟ್ಟುತ್ತಿದ್ದರು. ಒಂದು ಕುರ್ಚಿ ಖಾಲಿಯಿತ್ತು. "ಊಟ ಆದ್ಮೇಲೆ ಅದರ ಮಾತಾಡೋಣ" ಎಂದು ಫೋನಿನಲ್ಲಿ ಹೇಳಿದ್ದರು.

ವಾಗೀಶರಿಗೆ ಆ ಕುರ್ಚಿ ಬೇಕೇಬೇಕಿತ್ತು. ಮೂವತ್ತು ವರ್ಷ ಅವರು ಮಾಡಿದ್ದು ಇದೇ ಕೆಲಸ. ಕಣ್ಣಿಗೆ ಕಾಣದ ಎಣ್ಣೆಯನ್ನು ಅಂದಾಜು ಮಾಡಿ ಮೂರು ಪಾಲಾಗಿ ವಿಂಗಡಿಸುವುದು. ನೂರಕ್ಕೆ ತೊಂಬತ್ತು ಭರವಸೆಯಿದ್ದರೆ 'ಖಚಿತ', ಐವತ್ತಿದ್ದರೆ 'ಸಂಭವನೀಯ', ಹತ್ತೇ ಇದ್ದರೆ 'ಸಾಧ್ಯ'. ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಅಷ್ಟೂ ದಿನದಲ್ಲಿ ಯಾರೊಬ್ಬರೂ ಅವರನ್ನು ಏನನ್ನೂ ಅಂದಾಜು ಮಾಡಿ ಎಂದು ಕೇಳಿರಲಿಲ್ಲ.

ಹಾಗಾಗಿ ಬೆಳಗ್ಗೆ ಹತ್ತಕ್ಕೆ ಧರಣಿ ಅಡುಗೆಮನೆಯಿಂದ, "ರೀ, ಈ ಗ್ಯಾಸು ಊಟದವರೆಗೆ ಬರುತ್ತೇನ್ರೀ? ಬುಕ್ ಮಾಡಿರೋದು ಬರೋದು ನಾಳೆ" ಎಂದು ಕೂಗಿದಾಗ ವಾಗೀಶರ ಮೈಯಲ್ಲಿ ಕರೆಂಟು ಹರಿಯಿತು.

"ಮುಟ್ಬೇಡ! ನಾನು ಬಂದೆ!"

ರೆಗ್ಯುಲೇಟರ್ ಬಿಚ್ಚಿದರು. ಸಿಲಿಂಡರನ್ನು ತಬ್ಬಿಕೊಂಡು ಹಜಾರಕ್ಕೆ ತಂದರು. ಮಂಚದ ಕೆಳಗಿಂದ ಮಿಷನ್ನನ್ನು ಕಾಲಲ್ಲೇ ಎಳೆದು, ಅದರ ಮೇಲೆ ಸಿಲಿಂಡರ್ ಕೂರಿಸಿ, ಅಡಿಯಲ್ಲಿ ಮುಳ್ಳು ಕಾಣಲೆಂದು ನೆಲಕ್ಕೆ ಅಡ್ಡಬಿದ್ದು ಮೊಬೈಲ್ ಟಾರ್ಚು ಬಿಟ್ಟರು.

ಈ ಸಂಭ್ರಮ ಬೀದಿಗೆ ಕೇಳಿಸದಿರುತ್ತದೆಯೇ? ಪಕ್ಕದ ಮನೆ ಪಾರ್ವತಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಎದುರುಮನೆಯ ಶಾಮಣ್ಣ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು, ಪೇಪರ್ ಮಡಚಿಕೊಂಡೇ ಬಂದರು. ಅವರ ಹಿಂದೆ ವಾಕಿಂಗ್ ಮುಗಿಸಿದ ನಾಲ್ವರು.

"ಅದಕ್ಕೆ ಯಾಕಪ್ಪ ಇಷ್ಟೆಲ್ಲ?" ಎಂದು ಪಾರ್ವತಮ್ಮ ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈ ಒರೆಸಿದರು. ಗ್ಯಾಸು ಇರುವಷ್ಟು ಜಾಗ ನಿಧಾನ ಒಣಗುತ್ತದೆ, ಮಿಕ್ಕಿದ್ದು ಬೇಗ. ಬಟ್ಟೆ ತೆಗೆದ ಗಳಿಗೆಗೆ ಇಡೀ ಸಿಲಿಂಡರ್ ಒಣಗಿ ನಿಂತಿತು. ತಳದಲ್ಲಿ ಮಾತ್ರ ಎರಡು ಬೆರಳಷ್ಟು ತೇವ. "ಮುಗೀತು ಕಣಪ್ಪ. ನಮ್ಮನೇಲಿ ತುಂಬಿದ್ದು ಒಂದೈತೆ, ತಗೊಂಡೋಗಿ."

ಮೇಷ್ಟ್ರು ಕೂಡ ನೆಲಕ್ಕೆ ಬಿದ್ದು ಮುಳ್ಳು ನೋಡಿ ಎದ್ದರು. "ಮುಳ್ಳು ಹದಿನಾರರಲ್ಲಿದೆ. ಖಾಲಿ ಸಿಲಿಂಡರಿನ ತೂಕ ಹದಿನೈದು ಪಾಯಿಂಟ್ ಎಂಟು ಅಂತ ಮೇಲೇ ಬರೆದಿದೆ. ಉಳಿದದ್ದು ಇನ್ನೂರು ಗ್ರಾಂ."

ವಾಗೀಶರು ನಕ್ಕರು. ಈ ಮಿಷನ್ನು ಮೂರು ಕಿಲೋ ಕಡಿಮೆ ತೋರಿಸುತ್ತದೆಂಬ ಸತ್ಯ ಭೂಮಿಯ ಮೇಲೆ ಅವರೊಬ್ಬರಿಗೇ ಗೊತ್ತಿತ್ತು.

"ಖಚಿತ, ಎರಡೂವರೆ ಕಿಲೋ. ಸಂಭವನೀಯ ಸೇರಿದ್ರೆ ಮೂರು. ಸಾಧ್ಯವೂ ಸೇರಿದ್ರೆ ಮೂರು ಕಿಲೋ ಇನ್ನೂರು ಗ್ರಾಂ" ಎಂದು ಘೋಷಿಸಿದರು.

ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂತು. "ಹದಿನಾರರಲ್ಲಿ ಹದಿನೈದು ಪಾಯಿಂಟ್ ಎಂಟು ಕಳೆದ್ರೆ ಮೂರು ಹೆಂಗ್ರೀ ಬರುತ್ತೆ?"

"ಅದು ಸ್ಕೂಲ್ ಲೆಕ್ಕ ಮೇಷ್ಟ್ರೇ. ನಮ್ಮ ವೃತ್ತೀಲಿ ಅನುಭವದ ತಿದ್ದುಪಡಿ ಅಂತ ಒಂದಿರುತ್ತೆ."

"ಎಷ್ಟು ಅದು?"

"ಮೂರು ಕಿಲೋ."

"ಇನ್ನೂರು ಗ್ರಾಮಿಗೆ ಮೂರು ಕಿಲೋ ತಿದ್ದುಪಡೀನಾ!" ಮೇಷ್ಟ್ರು ನಲವತ್ತು ವರ್ಷ ಕಿವಿ ಹಿಂಡಿದ ಕೈಯನ್ನು ಕಷ್ಟಪಟ್ಟು ಹಿಂದಕ್ಕೆ ಕಟ್ಟಿಕೊಂಡರು.

ಧರಣಿಗೆ ದಿಗಿಲಾಯಿತು. "ರೀ, ಪಾರ್ವತಮ್ಮೋರ ಸಿಲಿಂಡರ್ ತಂದಿಟ್ಕೊಳ್ಳೋಣ. ಬಂದವರ ಮುಂದೆ ಮರ್ಯಾದೆ ಪ್ರಶ್ನೆ."

"ಅದಕ್ಕೇ ಬೇಡ ಅನ್ನೋದು! ಅಂದಾಜು ಮಾಡೋನ ಮನೇಲೇ ಅಂದಾಜಿನ ಮೇಲೆ ನಂಬಿಕೆ ಇಲ್ಲ ಅಂದ್ರೆ ಗುರುಮಲ್ಲಪ್ಪೋರು ಏನಂದ್ಕೋತಾರೆ? ಧರಣೀ, ಇವರಿಗೆಲ್ಲ ಕಾಫಿ ಮಾಡು. ಎರಡೆರಡು ಲೋಟ!"

ಸಿಲಿಂಡರ್ ಒಳಗೆ ಹೋಯಿತು. ಕಾಫಿ ಹೊರಗೆ ಬಂತು. ಒಲೆ ಭರ್ಜರಿಯಾಗಿ ಉರಿಯುತ್ತಿತ್ತು. ವಾಗೀಶರು ಎದೆಯುಬ್ಬಿಸಿ ಓಡಾಡುತ್ತಾ ಅಸ್ಸಾಮಿನ ಬಾವಿಗಳ ಕತೆ ಹೇಳಿದರು. ಬೇಳೆ ಬೆಂದಿತು. ಅನ್ನವಾಯಿತು. ಹೂರಣ ರುಬ್ಬಿದ್ದಾಯಿತು. ಹೊತ್ತು ಹೋದಂತೆ ಮೇಷ್ಟ್ರ ಮುಖ ಸಣ್ಣಗಾಗುತ್ತಾ ಬಂತು. ಹನ್ನೆರಡೂಮುಕ್ಕಾಲಿಗೆ ಅವರು, "ಇರಬಹುದಪ್ಪ, ನಿಮ್ಮ ವಿದ್ಯೆ ನಮಗೇನು ಗೊತ್ತು" ಎಂದುಬಿಟ್ಟರು. ವಾಗೀಶರಿಗೆ ಆದ ಆನಂದ ಅಷ್ಟಿಷ್ಟಲ್ಲ.

ಅದೇ ಗಳಿಗೆಗೆ ಗೇಟಿನ ಸದ್ದಾಯಿತು, ಗುರುಮಲ್ಲಪ್ಪನವರು ಒಳಗೆ ಬಂದರು. ಅದೇ ಗಳಿಗೆಗೆ ಧರಣಿ ಮೊದಲನೇ ಒಬ್ಬಟ್ಟನ್ನು ಕಾವಲಿಗೆ ಹಾಕಿದರು. ಮತ್ತು ಅದೇ ಗಳಿಗೆಗೆ ಒಲೆ 'ಪುಸ್' ಎಂದು ನಿಂತಿತು.

"ರೀ... ಗ್ಯಾಸು!"

ಎಲ್ಲರೂ ಅಡುಗೆಮನೆಗೆ ನುಗ್ಗಿದರು. ಗುರುಮಲ್ಲಪ್ಪನವರೂ ಹೋದರು. ಕಾವಲಿಯ ಮೇಲೆ ಒಂದು ಕಡೆಯೂ ಬೇಯದ ಒಬ್ಬಟ್ಟು ಬೆಪ್ಪಾಗಿ ಮಲಗಿತ್ತು. ಬೆಳಗಿನ ಕತೆಯನ್ನು ಮೇಷ್ಟ್ರು ಒಂದು ಸೊನ್ನೆಯನ್ನೂ ಬಿಡದೆ ಒಪ್ಪಿಸಿದರು.

"ಇನ್ನೂರು ಗ್ರಾಂ ಇದ್ದದ್ದಕ್ಕೆ ಎರಡೂವರೆ ಕಿಲೋ ಖಚಿತ ಅಂದ್ರಾ ವಾಗೀಶ್?" ಗುರುಮಲ್ಲಪ್ಪನವರ ಹುಬ್ಬು ಮೇಲೇರಿತು.

ವಾಗೀಶರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಗುಟ್ಟು ಹೇಳಿದರೆ ಮೂರು ಒಬ್ಬಟ್ಟು ಹೋಗುತ್ತದೆ, ಹೇಳದಿದ್ದರೆ ಕುರ್ಚಿ ಹೋಗುತ್ತದೆ. ಒಬ್ಬಟ್ಟು ಯುಗಾದಿಗೂ ಆಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡರು.

"ಸಾರ್, ಮಿಷನ್ನಿನಲ್ಲಿ ಮೂರು ಕಿಲೋ ದೋಷ ಇದೆ. ಅದು ನನಗೆ ಗೊತ್ತಿತ್ತು. ಲೆಕ್ಕಕ್ಕೆ ಸೇರಿಸಿದೆ. ವೈಜ್ಞಾನಿಕವಾಗೇ ಮಾಡಿದ್ದೀನಿ."

"ಭೇಷ್! ದೋಷ ಇದೆ ಅಂತ ಹೇಗೆ ಗೊತ್ತಾಯ್ತು?"

"ನಾನೇ... ತಿರುಗಿಸಿದ್ದು ಸಾರ್."

ಧರಣಿ ಕೈಯಲ್ಲಿದ್ದ, ಒಬ್ಬಟ್ಟು ಮಗುಚುವ ಮೊಗಚೆಕಾಯಿ ಕೆಳಗಿಟ್ಟರು. "ಆ ಮಿಷನ್ನಾ? ನಿನ್ನೆ ಮಂಚದ ಕೆಳಗೆ ಗುಡಿಸುವಾಗ ನೋಡಿದೆ. ಮೇಲೆ ಏನೂ ಇಲ್ದಿದ್ರೂ ಮುಳ್ಳು ಸೊನ್ನೆಗಿಂತ ಹಿಂದೆ ನಿಂತಿತ್ತು. ಪಾಪ, ಕೆಟ್ಟೋಗಿದೆ ಅಂತ ನಾನೇ ಸರಿ ಮಾಡಿಟ್ಟೆನಲ್ರೀ!"

ಆಮೇಲೆ ಧರಣಿಯ ಕಣ್ಣು ನಿಧಾನವಾಗಿ ಕಿರಿದಾಯಿತು. "ಅಂದ್ರೆ... ಎರಡು ತಿಂಗಳಿಂದ ಇಳಿದ ಆ ಮೂರು ಕಿಲೋ?"

ವಾಗೀಶರು ಸಿಲಿಂಡರಿನ ಕಡೆ ನೋಡಿದರು. ಅದೂ ಖಾಲಿಯಾಗಿತ್ತು.

"ಸಿಲಿಂಡರ್ ಇಡೋಕೆ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿದ್ರಾ ವಾಗೀಶ್? ಹೊಸಬರಿಗೆ ನೀವೇ ಕಲಿಸ್ತಿದ್ದ ಮೊದಲನೇ ಪಾಠ ಅದು" ಎಂದರು ಗುರುಮಲ್ಲಪ್ಪನವರು. "ಮುಳ್ಳು ತಿರುಗಿಸಿದವರನ್ನ ಹಿಡಿಯೋಕೆ ಅಂತಲೇ ಈ ಸಮಿತಿ ಇರೋದು. ನಿಮ್ಮನ್ನೇ ಒಳಗೆ ಕೂರಿಸ್ಕೊಂಡ್ರೆ ನಾವು ಹಿಡಿಯೋದು ಯಾರನ್ನ?"

ಪಾರ್ವತಮ್ಮನ ತುಂಬಿದ ಸಿಲಿಂಡರ್ ಬಂತು. ಅದನ್ನು ಹೊತ್ತು ತಂದವರು ವಾಗೀಶರೇ. ಮನೆಯೆಲ್ಲ ತುಪ್ಪದ ಘಮ ಹರಡಿತು. ಮೇಷ್ಟ್ರು, ಪಾರ್ವತಮ್ಮ ಎಲ್ಲರೂ ಎಲೆಯ ಮುಂದೆ ಕೂತರು. ಗುರುಮಲ್ಲಪ್ಪನವರು ನಾಲ್ಕನೇ ಒಬ್ಬಟ್ಟು ಮುರಿಯುತ್ತಾ, "ಧರಣಿಯವರೇ, ಸಮಿತೀಲಿ ಕಸುಬಿನವರಲ್ಲದ, ಸೊನ್ನೆ ನೋಡೋ ಅಭ್ಯಾಸ ಇರೋರೊಬ್ಬರು ಬೇಕು. ತಿಂಗಳಿಗೆರಡು ದಿನ ಬಿಡುವಿದೆಯಾ?" ಎಂದು ಕೇಳಿದರು.

"ಮನೆ ಪರಿಶೀಲನೆ ಮುಗಿಸಿ ಹೇಳ್ತೀನಿ" ಎಂದ ಧರಣಿ, ಮಿಷನ್ನನ್ನು ಪಂಕ್ತಿಯ ನಡುವೆ ತಂದಿಟ್ಟು, ಮುಳ್ಳು ಸೊನ್ನೆಯಲ್ಲಿದೆಯೆಂದು ಬಗ್ಗಿ ನೋಡಿಕೊಂಡು, ಗಂಡನನ್ನು ಹತ್ತಿಸಿದರು. ಎಂಬತ್ತೇಳು.

ಆಮೇಲೆ ಅವರ ಎಲೆಗೆ ಬಡಿಸುತ್ತಾ ಹೇಳಿದರು: "ಖಚಿತ, ಸೌತೆಕಾಯಿ ಕೋಸಂಬರಿ. ಸಂಭವನೀಯ, ಮಜ್ಜಿಗೆ. ಒಬ್ಬಟ್ಟು ಮಾತ್ರ 'ಸಾಧ್ಯ'ದಲ್ಲೂ ಇಲ್ಲ ಕಣ್ರೀ."