ಭಾವನ ಎಡಗಡೆಯ ಜಾಗ

ನಮ್ಮ ಭಾವನಂಥ ಒಳ್ಳೆಯ ಮನುಷ್ಯ ಮೈಸೂರಿನಲ್ಲೇ ಇನ್ನೊಬ್ಬರಿಲ್ಲ ಎಂದು ನಿಮಗೆ ಯಾರಾದರೂ ಹೇಳಿದರೆ ಮೂರ್ಛೆ ಹೋಗಬೇಡಿ, ಹೇಳಿದವರು ಅವರ ಜೊತೆ ಕಾರ್ಡು ಆಡಿರುವುದಿಲ್ಲ ಅಷ್ಟೇ. ನಾನು ಆಡಿದ್ದೇನೆ. ಶನಿವಾರ ಶನಿವಾರ, ಜಯಲಕ್ಷ್ಮಿಪುರಂನ ಅವರ ಮನೆಯ ನಡುಮನೆಯಲ್ಲಿ, ಜಮಖಾನದ ಮೇಲೆ ಕೂತು, ಹಲ್ಲು ಕಡಿದುಕೊಂಡು ಆಡಿದ್ದೇನೆ. ಒಳ್ಳೆಯತನವನ್ನು ಹತ್ತಿರ ಕೂತು ಸಹಿಸುವುದು ಎಂಥ ಕಷ್ಟ ಅಂತ ನನ್ನನ್ನು ಕೇಳಿ!

ಕಾರ್ಡು ಎಂದ ಕೂಡಲೇ ಇಸ್ಪೀಟು ಎಂದುಕೊಳ್ಳಬೇಡಿ. ಭಾವನಿಗೆ ಒಂಟಿಕೊಪ್ಪಲಿನಲ್ಲಿ ಸ್ಟೇಷನರಿ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ಹುಡುಗರಿಗೆಲ್ಲ ಕುಸ್ತಿಪಟುಗಳ ಚಿತ್ರದ ಕಾರ್ಡಿನ ಹುಚ್ಚು ಹಿಡಿದಿತ್ತಲ್ಲ, ಅದು ಇಳಿಯುತ್ತ ಬಂದ ಕಾಲದಲ್ಲಿ ಏಜೆಂಟನೊಬ್ಬ ಇವರ ದಾಕ್ಷಿಣ್ಯದ ಸ್ವಭಾವ ನೋಡಿ, ವಿದೇಶಿ ಕಾರ್ಡುಗಳ ಪೆಟ್ಟಿಗೆಗಳನ್ನು ಇವರ ತಲೆಗೆ ಕಟ್ಟಿ ಹೋದ. ಪೊಟ್ಟಣ ಬಿಚ್ಚಿದರೆ ಕುಸ್ತಿಯವರೇ ಇಲ್ಲ. ಬೆಂಕಿ ಉಗುಳುವ ಘಟಸರ್ಪ, ಮೂರು ತಲೆಯ ರಾಕ್ಷಸ, ಮಾಟ, ಮಂತ್ರ! ಹುಡುಗರು ಮೂಸಿಯೂ ನೋಡಲಿಲ್ಲ. ವಾಪಸ್ಸು ಕಳಿಸಿ ಎಂದೆ. “ಪಾಪ, ಅವನೂ ಸಂಸಾರಸ್ಥ ಕಣೋ” ಎಂದರು. ಜೊತೆಗೆ ಬಂದಿದ್ದ ಇಂಗ್ಲಿಷಿನ ನಿಯಮಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ನಮ್ಮನ್ನು ಮನೆಗೆ ಕರೆದು ಆಟ ಶುರು ಮಾಡಿಯೇಬಿಟ್ಟರು.

ಆಟ ಹೀಗೆ. ಒಬ್ಬೊಬ್ಬರೂ ಒಂದೊಂದು ಪೊಟ್ಟಣ ಬಿಚ್ಚಬೇಕು. ಅದರಲ್ಲಿ ಎಲ್ಲಕ್ಕಿಂತ ಬಲವಾದ ಒಂದು ಕಾರ್ಡನ್ನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆ ಕೂತವರಿಗೆ ದಾಟಿಸಬೇಕು. ಬಲಗಡೆಯಿಂದ ನಮಗೆ ಬಂದದ್ದರಲ್ಲಿ ಮತ್ತೆ ಒಂದನ್ನು ಆರಿಸಬೇಕು. ಹೀಗೆ ಕಾರ್ಡುಗಳು ಮುಗಿಯುವ ತನಕ. ಆಮೇಲೆ ಯಾರು ಆರಿಸಿಕೊಂಡದ್ದು ಅವರವರ ಸೈನ್ಯ, ಅದನ್ನು ಹಿಡಿದು ಯುದ್ಧ. ಅಂದರೆ ಇಡೀ ಆಟ ನಿಂತಿರುವುದು ಒಂದೇ ಗುಣದ ಮೇಲೆ: ಒಳ್ಳೆಯದು ಕಂಡರೆ ನಾಚಿಕೆಯಿಲ್ಲದೆ ಬಾಚಿಕೊಳ್ಳುವುದು. ಲೋಕದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಈ ವಿದ್ಯೆ ನಮ್ಮ ಭಾವನಿಗೆ ಬರಲಿಲ್ಲ!

ಮನೆಗೆ ಬಂದವರು ಕೂತಿರುವಾಗ ಮನೆಯವನು ಮೊದಲು ಒಳ್ಳೆಯದಕ್ಕೆ ಕೈ ಹಾಕುವುದುಂಟೇ? ಭಾವ ಚಿಕ್ಕಂದಿನಲ್ಲಿ ಮಠದ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು ಓದಿದವರು. ಪಂಕ್ತಿಗೆಲ್ಲ ಬಡಿಸಿ, ಕೊನೆಯಲ್ಲಿ ತಾವು ಉಂಡು ಅಭ್ಯಾಸ. ಸರಿ, ಇಲ್ಲೂ ಅದೇ. ಯಾತಕ್ಕೂ ಬಾರದ ಒಂದು ಕಪ್ಪೆಯನ್ನು ತಾವಿಟ್ಟುಕೊಂಡು ಘಟಸರ್ಪವನ್ನು ಎಡಗಡೆಗೆ ದಾಟಿಸುವರು.

“ಭಾವ, ಇದು ಹೋಳಿಗೆ ಅಲ್ಲ!”

“ಗೊತ್ತು ಕಣೋ. ಆದ್ರೂ ಮನೇಗೆ ಬಂದಿರೋನಲ್ವಾ?”

“ಬಂದಿರೋದು ನಿಮ್ಮನ್ನ ಸೋಲ್ಸೋಕೆ!”

“ಸೋಲಿಸ್ಲಿ ಬುಡು. ಅಷ್ಟು ದೂರದಿಂದ ಬಂದಿದಾನೆ ಪಾಪ.”

ಅಷ್ಟು ದೂರದಿಂದ ಬಂದಿದ್ದವನು ನನ್ನ ಗೆಳೆಯ ಮಂಜು, ವಿದ್ಯಾರಣ್ಯಪುರಂನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದವನು. ಭಾವನ ಎಡಗಡೆಯ ಜಾಗದ ಮಹಿಮೆ ತಿಳಿದ ಮೇಲೆ ಶನಿವಾರ ಮಧ್ಯಾಹ್ನವೇ ಬಾಗಿಲು ಹಾಕಿ ಸ್ಕೂಟರ್ ಏರಿಬಿಡುತ್ತಿದ್ದ. ಗಿರಾಕಿಗಳು ಹಾಳಾಗಿ ಹೋಗಲಿ!

ಆದರೆ ಅವನ ವೈಭವವೂ ಬಹಳ ದಿನ ಉಳಿಯಲಿಲ್ಲ. ಎದುರುಮನೆಯಲ್ಲಿ ರಿಟೈರಾದ ಪೋಸ್ಟ್‌ಮಾಸ್ಟರೊಬ್ಬರಿದ್ದರು. ಒಂದು ಸಂಜೆ ಸೀದಾ ಒಳಗೆ ಬಂದವರೇ ಗುಡುಗಿದರು.

“ಮರ್ಯಾದಸ್ಥರ ಬೀದೀಲಿ ಜೂಜಾಡ್ತಿದೀರೇನ್ರೀ?”

“ಬನ್ನಿ ಸಾರ್, ನಿಂತ್ಕೊಂಡು ಯಾಕೆ ಬೈತೀರಿ, ಕೂತ್ಕೊಂಡು ಬೈರಿ” ಎಂದು ಭಾವ ಅವರನ್ನು ತಮ್ಮ ಎಡಗಡೆ ಕೂರಿಸಿಕೊಂಡರು. ಕಾಫಿ ಬಂತು. ಕಾಫಿಯ ಹಿಂದೆ ಕಾರ್ಡೂ ಬಂತು. ಇದೇನ್ರೀ ಈ ಪ್ರಾಣಿ, ಇದು ಏನು ಮಾಡುತ್ತೆ, ಎಂದು ಕೇಳುತ್ತ ಕೇಳುತ್ತ ಪೋಸ್ಟ್‌ಮಾಸ್ಟರು ನಮ್ಮನ್ನೆಲ್ಲ ಹೊಡೆದು ಮಲಗಿಸಿದರು. ಮುಂದಿನ ಶನಿವಾರ ನಾವು ಹೋಗುವ ಹೊತ್ತಿಗೆ ಅವರು ತಮ್ಮ ಮನೆಯಿಂದಲೇ ಒಂದು ದಿಂಬು ತಂದು ಭಾವನ ಎಡಗಡೆ ಒರಗಿ ಕೂತಿದ್ದರು. ಜೂಜಿನ ಮಾತು ಮತ್ತೆ ಎತ್ತಲಿಲ್ಲ.

ಆರಿಸುವಾಗ ಹೀಗಾದರೆ, ಯುದ್ಧದಲ್ಲಾದರೂ ಮನುಷ್ಯ ನೆಟ್ಟಗಿರಬೇಡವೇ? ಪೋಸ್ಟ್‌ಮಾಸ್ಟರು ತಮ್ಮ ಮೂರು ತಲೆಯ ರಾಕ್ಷಸನನ್ನು ಮುಂದೆ ನೂಕುವಷ್ಟರಲ್ಲಿ ಭಾವ ಅವರ ಕೈ ಹಿಡಿದುಕೊಂಡರು.

“ಬೇಡಿ ಸಾರ್, ಈಗ ಕಳಿಸ್ಬೇಡಿ. ನನ್ನ ಕೈಲಿ ಮಂತ್ರ ಇದೆ, ನಿಮ್ಮೋನು ಸತ್ತೋಗ್ತಾನೆ.”

ಶತ್ರುವಿಗೆ ಮುನ್ಸೂಚನೆ ಕೊಟ್ಟು ಯುದ್ಧ ಮಾಡುವವರನ್ನು ಎಲ್ಲಾದರೂ ಕಂಡಿದ್ದೀರಾ? ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡು ಎಸೆದು ಎದ್ದು ಗೇಟಿನವರೆಗೂ ಹೋದೆ. ವಾಪಸ್ಸು ಬಂದದ್ದು ಅಕ್ಕ ನಿಪ್ಪಟ್ಟು ಕರಿಯುತ್ತಿದ್ದಳೆಂಬ ಕಾರಣಕ್ಕೇ ಹೊರತು ಬೇರೆ ಯಾವ ರಾಜಿಗೂ ಅಲ್ಲ.

ನಿಪ್ಪಟ್ಟಿಗೆಂದು ಅಡುಗೆಮನೆಗೆ ಹೋದಾಗಲೇ ಅಕ್ಕ ಆ ಮಾತು ಹೇಳಿದ್ದು. ಜಾಲರಿಯಲ್ಲಿ ಎಣ್ಣೆ ಬಸಿಯುತ್ತ, ನನ್ನ ಮುಖ ನೋಡದೆ ಹೇಳಿದಳು.

“ನಿಂಗೆ ಶನಿವಾರ ಮಾತ್ರ ಉರಿಯುತ್ತೆ, ನಂಗೆ ದಿನಾ. ಸೈಟು ಹಂಚ್ಕೊಳ್ಳೋವಾಗ ಮೂಲೆ ಸೈಟು ತಮ್ಮಂಗೆ ಬಿಟ್ಟುಕೊಟ್ರು. ಬಸ್ಸಲ್ಲಿ ಇವರು ಕಿಟಕಿ ಪಕ್ಕ ಕೂತಿದ್ದು ನಾನು ನೋಡೇ ಇಲ್ಲ. ಬೈಯೋಣ ಅಂದ್ರೆ, ‘ಪಾಪ, ನಿಂಗೆ ಸುಸ್ತಾಗಿದೆ’ ಅಂತಾರೆ. ಒಂದೇ ಒಂದ್ಸಲ ಇವರು ಗೆಲ್ಲೋದನ್ನ ಕಣ್ಣಲ್ಲಿ ನೋಡ್ಬೇಕು ಕಣೋ. ಈ ಹಾಳು ಕಾರ್ಡಾಟದಲ್ಲೇ ಆಗ್ಲಿ.”

ಅಕ್ಕ ಅದುವರೆಗೆ ನನ್ನನ್ನು ಏನನ್ನೂ ಕೇಳಿದವಳಲ್ಲ. ಗೆಲ್ಲಿಸುವುದೇ ಸೈ ಎಂದು ನಿಶ್ಚಯಿಸಿದೆ.

ಉಪಾಯ ಸುಲಭವಾಗಿತ್ತು. ಭಾವ ಒಳ್ಳೆಯದನ್ನು ಬಿಟ್ಟು ಕಸ ತೆಗೆದುಕೊಳ್ಳುತ್ತಾರೆ ತಾನೇ? ಕಸವನ್ನೆಲ್ಲ ನಾವೇ ಮೊದಲು ತೆಗೆದುಬಿಟ್ಟರೆ? ಅವರ ಕೈಗೆ ಬಂದದ್ದರಲ್ಲಿ ಒಳ್ಳೆಯದರ ಹೊರತು ಬೇರೆ ಏನೂ ಇರಕೂಡದು, ಆಗ ಏನು ಮಾಡುತ್ತಾರೆ ನೋಡೋಣ! ಮಂಜು ಕೂಡಲೇ ಒಪ್ಪಿದ. ಪೋಸ್ಟ್‌ಮಾಸ್ಟರು ಎರಡು ದಿನ ಯೋಚಿಸಿ, “ಒಂದು ವಾರಕ್ಕೆ ಮಾತ್ರ” ಎಂಬ ಷರತ್ತಿನ ಮೇಲೆ ಒಪ್ಪಿದರು.

ಆ ಶನಿವಾರ ನಾವು ಮೂವರೂ ಕಪ್ಪೆ, ಹಲ್ಲಿ, ಮುರುಕು ಕತ್ತಿಗಳಿಗೆ ಮುಗಿಬಿದ್ದೆವು. ಭಾವನೂ ಕಸ ಹುಡುಕಿದರು. ಆದರೆ ಮೂವರ ಎದುರು ಒಬ್ಬರ ಆಟ ಎಷ್ಟು ಹೊತ್ತು ನಡೆದೀತು? ಸ್ವಲ್ಪ ಹೊತ್ತಿಗೆ ಅವರ ಕೈಗೆ ಬರುವುದೆಲ್ಲ ಸರ್ಪ, ರಾಕ್ಷಸ, ಸಿಡಿಲು. ಬೇರೆ ದಾರಿಯಿಲ್ಲದೆ ಒಂದೊಂದನ್ನೇ ತೆಗೆದು ಮುಂದೆ ಇಟ್ಟುಕೊಂಡರು. ಅವರ ಮುಂದಿನ ರಾಶಿ ಬೆಳೆಯಿತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮಂಜು ನನಗೆ ಕಣ್ಣು ಹೊಡೆದ. ಇನ್ನೇನು ಯುದ್ಧ ಶುರುವಾಗಬೇಕು, ಭಾವ ಗೆಲ್ಲಬೇಕು.

ಭಾವ ಕಾರ್ಡು ಮುಟ್ಟಲಿಲ್ಲ. ತಮ್ಮ ಮುಂದಿನ ರಾಶಿಯನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಅಕ್ಕನ ಹತ್ತಿರ ಹೋದರು. ಮೆಲ್ಲಗೆ ಕೇಳಿದ್ದು ನಮಗೂ ಕೇಳಿಸಿತು.

“ಯಾರೂ ಏನೂ ಮುಟ್ಟಲಿಲ್ಲ ಕಣೇ. ಹೋದ ವಾರ ನಾನೇನಾದ್ರೂ ಅಂದ್ಬುಟ್ನಾ?”

ವಾಪಸ್ಸು ಬಂದು ಪೋಸ್ಟ್‌ಮಾಸ್ಟರ ಮುಂದೆ ಮಂಡಿಯೂರಿ ಕೂತರು. ಕೈ ಮುಗಿದಿದ್ದರು. “ಸಾರ್, ನಮ್ಮಿಂದ ತಪ್ಪಾಗಿದ್ರೆ ಹೊಟ್ಟೇಗೆ ಹಾಕ್ಕೊಳ್ಳಿ. ಹಿಂಗೆ ಎಲ್ಲ ಬಿಟ್ಟುಬುಟ್ಟು ಕೂತ್ಕೋಬೇಡಿ.” ಆ ಕಣ್ಣುಗಳಲ್ಲಿ ನೀರಿತ್ತು.

ಇಂಥ ಮನುಷ್ಯನನ್ನು ಏನು ಮಾಡುವುದು ಹೇಳಿ! ಗೆಲುವನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ, ಅತಿಥಿಗಳು ಊಟ ಬಿಟ್ಟು ಎದ್ದರೆಂದು ಕಂಗಾಲಾಗುವವರನ್ನು? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಂದೆ ಬಗ್ಗಿ ಅವರ ರಾಶಿಯಿಂದ ಘಟಸರ್ಪವನ್ನು ಕಿತ್ತುಕೊಂಡೆ.

“ಇದು ನಂಗೆ ಬೇಕು ಭಾವ. ಮೊದಲಿಂದ್ಲೂ ಬೇಕಿತ್ತು.”

“ಮತ್ತೆ ಬಾಯಿ ಬಿಟ್ಟು ಕೇಳ್ಬಾರ್ದೇನೋ!” ಎಂದರು. ಮುಖ ಅರಳಿಹೋಗಿತ್ತು. “ತಗೋ, ಇದನ್ನೂ ತಗೋ. ಮಂಜು, ನಿಂಗೆ ಸಿಡಿಲು ಇಷ್ಟ ಅಲ್ವೇನೋ? ಸಾರ್, ಸಂಕೋಚ ಪಡ್ಬೇಡಿ.” ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡು ಎರಡು ರಾಕ್ಷಸರನ್ನು ಎತ್ತಿಕೊಂಡರು. ನಾವು ಮೂವರೂ ಆ ಮನೆಯನ್ನು ಹಾಡುಹಗಲೇ ದೋಚಿದೆವು. ಭಾವ ನಗುತ್ತ ನಗುತ್ತ ಹಂಚಿದರು.

ಅವರ ಮುಂದೆ ಒಂದೇ ಒಂದು ಕಾರ್ಡು ಉಳಿದಿತ್ತು. ನಾನು ಅಕ್ಕನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳು ಕೇಳಿದ್ದ ಒಂದೇ ಒಂದನ್ನೂ ನಡೆಸಿಕೊಡಲು ನನ್ನಿಂದಾಗಿರಲಿಲ್ಲ. ಆದರೆ ಅವಳೇ ಬಂದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಜಮಖಾನದ ಮೇಲೆ ಕೂರದವಳು ಸೀರೆ ಸರಿಮಾಡಿಕೊಂಡು ಭಾವನ ಎದುರಿಗೆ ಕೂತು, ಹಿಟ್ಟಿನ ಕೈಯನ್ನು ಅವರ ಮುಂದೆ ಚಾಚಿದಳು.

“ನಂಗೇನೂ ಇಲ್ವೇನ್ರೀ?”