ಒಂದೇ ಸಾಲಿನ ತಿದ್ದುಪಡಿ

ಅವನು ತಿದ್ದಿದ್ದು ಒಂದೇ ಸಾಲು. ಆಸ್ಪತ್ರೆಗಳಲ್ಲಿ ಸರದಿ ಚೀಟಿ ಕೊಡುವ ಅವರ ಕಂಪನಿಯ ಪ್ರೋಗ್ರಾಮು ತೊಂಬತ್ತೊಂಬತ್ತರಾಚೆ ಎಣಿಸಲಾರದೆ ನೂರನೆಯ ರೋಗಿಯನ್ನು ಮನೆಗಟ್ಟುತ್ತಿತ್ತು. ಇವನು ಪಕ್ಕದಲ್ಲಿ ಇನ್ನೊಂದು ಒಂಬತ್ತು ಬರೆದ. ಅಷ್ಟೆ.

ಆದರೆ ಇಬ್ಬರು ಸಹೋದ್ಯೋಗಿಗಳು ಓದಿ "ಒಪ್ಪಿದೆ" ಎನ್ನುವ ತನಕ ತಿದ್ದಿದ ಕೋಡು ಆಸ್ಪತ್ರೆಗಳಿಗೆ ಹೋಗುವಂತಿಲ್ಲ, ಕೋಡು ಹೋಗದೆ ಅವನೂ ಹೋಗುವಂತಿಲ್ಲ. ಆರಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. ಮಾತು ಒಂದೇ ಒಂದು. "ಅಪ್ಪ, ತಪ್ಪಿಸಿದ್ರೆ ನೋಡು!" ಎಂದು ಬೆಳಿಗ್ಗೆಯೇ ಬೆರಳೆತ್ತಿದ್ದಳು.

ಹತ್ತು ಗಂಟೆಗೆ ಇಬ್ಬರ ಪರಿಶೀಲನೆ ಶುರುವಾಯಿತು. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಪಳಗಿದ ಹಿರಿಯರು, ಅಡ್ಡಹೆಸರು ಭೂತಗನ್ನಡಿ, "ಸಾವಿರ ಯಾಕಲ್ಲ?" ಎಂದು ಬರೆದರು. ಪಕ್ಕದ ಕುರ್ಚಿಯ ಅಲ್ಪವಿರಾಮ ಮೇಡಂ, "ಮಿತಿ ಅನ್ನೋದೇ ಯಾಕೆ ಬೇಕು?" ಎಂದರು. ಊಟದ ಹೊತ್ತಿಗೆ ಇಬ್ಬರೂ ಇವನನ್ನು ಮರೆತು ಪರಸ್ಪರ ಜಗಳಕ್ಕಿಳಿದಿದ್ದರು. ನಾಲ್ಕಕ್ಕೆ ಟಿಪ್ಪಣಿ ಮೂವತ್ತೆಂಟು.

"ಸಾರ್, ಒಂದು ಅಂಕಿ ಸಾರ್," ಎಂದು ಭೂತಗನ್ನಡಿಯವರಲ್ಲಿ ಗೋಗರೆದ.

"ಒಂದೇ ಅಂಕಿ ಅಂತಲೇ ಓದಿದ್ವಿ ಕಣಯ್ಯಾ. ಸಾವಿರಾರು ಸಾಲಿದ್ದಿದ್ರೆ ಯಾರು ಓದ್ತಿದ್ರು?"

ಅವನ ತಲೆಯಲ್ಲಿ ದೀಪ ಹತ್ತಿತು. ಆ ಹಳೇ ಪ್ರೋಗ್ರಾಮಿನ ಫೈಲಿನ ನಾಲ್ಕು ಸಾವಿರ ಸಾಲುಗಳಿಗೂ ಮುಂದೊಂದು ಖಾಲಿ ಜಾಗ ಸೇರಿಸಿ, ನಡುವೆ ತನ್ನ ಒಂಬತ್ತನ್ನು ಹುಲ್ಲಿನ ಬಣವೆಯಲ್ಲಿ ಸೂಜಿಯಂತೆ ಹುದುಗಿಸಿ, ನಾಲ್ಕೂ ಐವತ್ತಕ್ಕೆ ಕಳಿಸಿದ. ಮೇಡಂ ಮರುನಿಮಿಷವೇ ಹೆಬ್ಬೆರಳೆತ್ತಿದರು. ಭೂತಗನ್ನಡಿಯವರು "ಭೇಷ್! ಒಪ್ಪಿದೆ" ಎಂದರು.

ಕೋಡು ಹೋಯಿತು. ಚೀಲ ಹೆಗಲಿಗೇರಿಸಿ ಲಿಫ್ಟಿನ ಬಳಿ ಬರುವಷ್ಟರಲ್ಲಿ ಫೋನು. ಕೆಳಮಹಡಿಯ ಸಹಾಯವಾಣಿಯವಳು.

"ಸಾರ್, ಒಂದು ಆಸ್ಪತ್ರೇಲಿ ಎಕ್ಸ್‌ರೇ ಚೀಟಿ ಮಧ್ಯಾಹ್ನದಿಂದ ಬರ್ತಿಲ್ಲ. ತಪ್ಪಿರೋ ಎರಡು ಸಾವಿರದ ಹನ್ನೆರಡನೇ ಸಾಲು ನಿಮ್ದಂತೆ."

"ನಂದಲ್ಲಮ್ಮ! ಅದು ಹತ್ತು ವರ್ಷದ ಹಿಂದೆ ಭೂತಗನ್ನಡಿಯವರು ಬರೆದಿದ್ದು!"

"ಇಲ್ಲಿ ನಿಮ್ಮ ಹೆಸರೇ ಇದೆ ಸಾರ್. ಎಲ್ಲಾ ಸಾಲಿಗೂ. ಸರಿಮಾಡಿಯೇ ಹೊರಡಬೇಕಂತೆ."

ಸಾಲನ್ನು ಕೊನೆಗೆ ಮುಟ್ಟಿದವನೇ ಅದರ ಅಪ್ಪ ಎಂಬುದು ಕಂಪ್ಯೂಟರಿನ ನ್ಯಾಯ. ಒಂದು ಬೆರಳೊತ್ತಿನಲ್ಲಿ ಅವನು ನಾಲ್ಕು ಸಾವಿರ ಪರರ ಮಕ್ಕಳಿಗೆ ಅಪ್ಪನಾಗಿದ್ದ.

ಅಷ್ಟರಲ್ಲಿ ಭೂತಗನ್ನಡಿಯವರು ಸಿಳ್ಳೆ ಹಾಕುತ್ತ ಬಂದು ಲಿಫ್ಟ್ ಹತ್ತಿದರು.

"ಸಾರ್, ಓದದೇ ಒಪ್ಪಿಬಿಟ್ರಲ್ಲಾ!"

"ಯಾರಂದ್ರು? ಹತ್ತು ವರ್ಷದಿಂದ ಆ ಫೋನು ನನಗೇ ಬರ್ತಿತ್ತು. ನಿಂದು ಒಂದೊಂದು ಸಾಲೂ ಓದಿಯೇ ಒಪ್ಪಿದ್ದು," ಎಂದು ಅವರು ಬಾಗಿಲು ಮುಚ್ಚುವ ಗುಂಡಿ ಒತ್ತಿದರು.